ಲಂಡನ್‌ಗೆ ಬಂದಿರುವ ಅಪ್ಪ-ಅಮ್ಮನನ್ನು ಆಗಸ್ಟ್‌ನಲ್ಲಿ ಒಂದು ದಿನ ನ್ಯೂ ಫಾರೆಸ್ಟ್‌ಗೆ ಕರೆದುಕೊಂಡು ಹೋಗಬಹುದೇ? ನಮ್ಮ ಹತ್ತಿರ ಕಾರಿಲ್ಲ

ಧಾರಾಳವಾಗಿ ಹೋಗಿ, ಇಂಗ್ಲೆಂಡಿನ ದಕ್ಷಿಣದಲ್ಲಿರುವ ಕಾಡು ಅದು. ಆದರೆ ಬಂಡೀಪುರದ ಸಫಾರಿ ನೆನೆಸಿಕೊಂಡು ಹೋಗಬೇಡಿ. ಇಲ್ಲಿ ಗೇಟಿಲ್ಲ, ಟಿಕೆಟಿಲ್ಲ, ಜೀಪಿಲ್ಲ. ಜಿಂಕೆ ಇವೆ, ಅದೃಷ್ಟ ಇದ್ದರೆ ಕಾಣುತ್ತವೆ. ಖಂಡಿತ ಕಾಣುವುದು ಪೋನಿ, ಅಂದರೆ ಗಿಡ್ಡ ಕುದುರೆ. ಅಂಗಡಿ ಮುಂದೆ, ಬಸ್ ಸ್ಟಾಪಿನಲ್ಲಿ, ರಸ್ತೆ ಮಧ್ಯೆ. ನಮ್ಮೂರಲ್ಲಿ ದನ ಮಲಗಿರುತ್ತವಲ್ಲ, ಹಾಗೆ.

ನಾನಿರುವುದು ಸೌತಾಂಪ್ಟನ್‌ನಲ್ಲಿ, ಪಕ್ಕದಲ್ಲೇ. ಹೋದ ಸಲ ಸಾಗರದಿಂದ ಅಪ್ಪ-ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಸ್ಟೇಷನ್ನಿಂದ ಹೊರಬಂದು ಹದಿನೈದು-ಇಪ್ಪತ್ತು ನಿಮಿಷ ನಡೆದಿದ್ದೆವು ಅಷ್ಟೆ. ಅಪ್ಪ ಒಂದು ಕುದುರೆಯ ಹಿಂದೆ ನಿಂತುಬಿಟ್ಟರು. "ಇದರ ಬಾಲಕ್ಕೆ ಏನಾಗಿದ್ಯೋ?" ನೋಡಿದರೆ ಬಾಲದ ಕೂದಲನ್ನು ಯಾರೋ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದರು. ಪಕ್ಕದ ಕುದುರೆಯದೂ ಹಾಗೇ. ನಾಯಿ ಜೊತೆ ವಾಕಿಂಗ್ ಬಂದಿದ್ದ ಅಲ್ಲಿನ ಅಜ್ಜ ಒಬ್ಬರು ಬಿಡಿಸಿ ಹೇಳಿದರು.

ಆ ಕುದುರೆಗಳು ಕಾಡುಕುದುರೆಗಳಲ್ಲ. ಒಂದೊಂದಕ್ಕೂ ಮಾಲೀಕರಿದ್ದಾರೆ. ಅವರಿಗೆ ಕಾಮನರ್ ಅನ್ನುತ್ತಾರೆ. ವರ್ಷಕ್ಕೆ ಇಷ್ಟು ಅಂತ ಮೇವಿನ ಶುಲ್ಕ ಕಟ್ಟಬೇಕು. ಕಟ್ಟಿದ ಗುರುತಿಗೆ ಅಜಿಸ್ಟರ್ ಅನ್ನುವ ಕಾವಲಿನವರು ಬಾಲ ಕತ್ತರಿಸುತ್ತಾರೆ. ಒಬ್ಬೊಬ್ಬ ಅಜಿಸ್ಟರ್ ಕತ್ತರಿಸುವುದು ಒಂದೊಂದು ಥರ, ಹಾಗಾಗಿ ಬಾಲ ನೋಡಿದರೆ ಕುದುರೆ ಯಾವ ಕಡೆಯದು ಅಂತ ಗೊತ್ತಾಗುತ್ತದೆ. ಇನ್ನೊಂದು ವಿಷಯ, ಮೇಯಿಸುವ ಹಕ್ಕು ಅಂಟಿಕೊಂಡಿರುವುದು ಜಮೀನಿಗೆ. ಮನುಷ್ಯನಿಗಲ್ಲ. ಇಷ್ಟು ಕೇಳಿದ್ದೇ ತಡ, ಅಪ್ಪ "ಓ, ನಮ್ಮ ತೋಟಕ್ಕೆ ಸೊಪ್ಪಿನ ಬೆಟ್ಟ ಇದ್ದ ಹಾಗೆ!" ಅಂದರು. ನಮ್ಮ ಕಡೆ ಅಡಿಕೆ ತೋಟದ ಜೊತೆಗೇ ಸೊಪ್ಪು ತರುವ ಹಕ್ಕಿರುವ ಕಾಡು ಅದು. ಎಂಟು ವರ್ಷದಿಂದ ಇಲ್ಲಿರುವ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ. ಆಮೇಲೆ ದಿನವಿಡೀ ಅವರು ನೋಡಿದ್ದು ಬಾಲಗಳನ್ನೇ.

ಹೆಸರು ನ್ಯೂ ಅಂತಿದ್ದರೂ ಇದು 1079ರ ಸುಮಾರಿನದು. ವಿಲಿಯಂ ದಿ ಕಾಂಕರರ್ ಜಿಂಕೆ ಬೇಟೆಗೆ ಅಂತ ಕಾಯ್ದಿರಿಸಿದ ನೆಲ. ಆಗ ಫಾರೆಸ್ಟ್ ಅಂದರೆ ರಾಜನ ಬೇಟೆಯ ಜಾಗ, ಮರ ಇರಲೇಬೇಕು ಅಂತೇನಿರಲಿಲ್ಲ. ಅದಕ್ಕೇ ಓಕ್, ಬೀಚ್ ಮರಗಳ ದಟ್ಟ ಕಾಡು ದಾಟಿದರೆ ಇದ್ದಕ್ಕಿದ್ದಂತೆ ಮೈಲಿಗಟ್ಟಲೆ ಕುರುಚಲು ಬಯಲು ಸಿಗುತ್ತದೆ. ಆ ರಾಜನ ಮಗ ಇನ್ನೊಬ್ಬ ವಿಲಿಯಂ, ರೂಫಸ್ ಅಂತ ಅಡ್ಡಹೆಸರು, 1100ರಲ್ಲಿ ಇಲ್ಲೇ ಬೇಟೆಯಾಡುವಾಗ ಬಾಣ ತಗುಲಿ ಸತ್ತ. ಆಕಸ್ಮಿಕವೋ ಕೊಲೆಯೋ ಅಂತ ಇವತ್ತಿಗೂ ಮಾತಾಡುತ್ತಾರೆ. ಅದೇ ಜಾಗ ಅಂತ ಹೇಳುವ ಕಡೆ ರೂಫಸ್ ಸ್ಟೋನ್ ಅಂತ ಒಂದು ಗುರುತಿದೆ, ಕಾರಿಲ್ಲದೆ ಅಲ್ಲಿಗೆ ಹೋಗುವುದು ಕಷ್ಟ, ಬಿಡಿ. ನ್ಯಾಷನಲ್ ಪಾರ್ಕ್ ಆಗಿದ್ದು ಮಾತ್ರ ಇತ್ತೀಚೆಗೆ, 2005ರಲ್ಲಿ.

ಆಗಸ್ಟ್ ಒಳ್ಳೆಯ ಸಮಯ. ಬಯಲಿನ ತುಂಬ ಹೆದರ್ ಹೂ ಬಿಟ್ಟು ನೆಲವೆಲ್ಲ ನೇರಳೆ ಬಣ್ಣ. ಹಂದಿ ನೋಡಬೇಕು ಅಂದರೆ ಮಾತ್ರ ಇನ್ನೂ ಸ್ವಲ್ಪ ತಡವಾಗಿ ಬರಬೇಕು. ಓಕ್ ಕಾಯಿ ಉದುರುವ ಕಾಲಕ್ಕೆ ಕಾಮನರ್‌ಗಳು ಹಂದಿಗಳನ್ನು ಕಾಡಿಗೆ ಬಿಡುತ್ತಾರೆ. ಹಸಿ ಕಾಯಿ ಕುದುರೆಗೂ ದನಕ್ಕೂ ವಿಷ, ಹಂದಿಗೆ ಹಬ್ಬ.

ಲಂಡನ್ ವಾಟರ್‌ಲೂನಿಂದ ಬ್ರೋಕನ್‌ಹರ್ಸ್ಟ್‌ಗೆ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆ. ನ್ಯೂ ಫಾರೆಸ್ಟ್ ಒಳಗಿನ ಊರು ಅದು. ಟಿಕೆಟ್ ಮೊದಲೇ ತೆಗೆದುಕೊಳ್ಳಿ, ಆ ದಿನ ತೆಗೆದರೆ ಜಾಸ್ತಿ ಬೀಳುತ್ತದೆ. ಊರಿನ ಬೀದಿಯ ಕೊನೆಯಲ್ಲಿ ಹಳ್ಳವೊಂದು ರಸ್ತೆಯ ಮೇಲೇ ಹರಿಯುತ್ತದೆ, ಕಾರುಗಳು ನೀರಲ್ಲೇ ದಾಟುತ್ತವೆ. ಮಕ್ಕಳಿದ್ದರೆ ಅಲ್ಲೇ ಅರ್ಧ ಗಂಟೆ ಹೋಯಿತು ಅಂತಿಟ್ಟುಕೊಳ್ಳಿ. ಇನ್ನೊಂದು ಕಡೆ ಬಾಮರ್ ಲಾನ್, ಸಮತಟ್ಟಾದ ಹುಲ್ಲುಗಾವಲು. ವಯಸ್ಸಾದವರಿಗೆ ಅದೇ ಸಾಕು.

ನಮ್ಮವರು ನೋಡಲೇಬೇಕಾದ ಒಂದು ಜಾಗ ಸೇಂಟ್ ನಿಕೋಲಸ್ ಚರ್ಚ್. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಬ್ರೋಕನ್‌ಹರ್ಸ್ಟ್‌ನಲ್ಲೇ ಆಸ್ಪತ್ರೆ ಇತ್ತು. ಚರ್ಚ್ ಅಂಗಳದಲ್ಲಿ ನ್ಯೂಜಿಲೆಂಡ್ ಸೈನಿಕರ ಸಾಲು ಸಾಲು ಸಮಾಧಿಗಳ ಜೊತೆ ನಮ್ಮವರದೂ ಕೆಲವು ಇವೆ. ಊರಲ್ಲಿ ಮೀರತ್ ರೋಡ್ ಅಂತಲೇ ಒಂದು ರಸ್ತೆ ಇದೆ.

ಮೂರು ಎಚ್ಚರಿಕೆ. ಕುದುರೆಗೆ ಏನೂ ತಿನ್ನಿಸಬೇಡಿ. ನಿಯಮವೂ ಹೌದು, ರುಚಿ ಹತ್ತಿದರೆ ಜನರ ಮೇಲೆ ಬೀಳುತ್ತವೆ ಅನ್ನುವುದೂ ನಿಜ. ನಮ್ಮಮ್ಮ ಚಪಾತಿ ಡಬ್ಬಿ ತೆಗೆದದ್ದಷ್ಟೇ, ಎರಡು ಕುದುರೆ ನೇರ ಬಂದುಬಿಟ್ಟವು. ಡಬ್ಬಿ ಮುಚ್ಚಿಕೊಂಡು ಸ್ಟೇಷನ್ ಬೆಂಚಿನ ಮೇಲೆ ಊಟ ಮಾಡಬೇಕಾಯಿತು. ಎರಡನೆಯದು ರಕ್ತ ಹೀರುವ ಉಣ್ಣೆ ಹುಳ, ಇಲ್ಲಿ ಟಿಕ್ ಅಂತಾರೆ, ಲೈಮ್ ಕಾಯಿಲೆ ಹರಡುತ್ತದೆ. ಉದ್ದ ಪ್ಯಾಂಟ್ ಹಾಕಿ, ಮನೆಗೆ ಬಂದು ಕಾಲು ನೋಡಿಕೊಳ್ಳಿ. ಮೂರನೆಯದು ಜೌಗು. ಬಯಲಲ್ಲಿ ಎಲ್ಲಿ ಹುಲ್ಲು ತೀರಾ ಹಸಿರಾಗಿ ಕಾಣುತ್ತದೋ ಅಲ್ಲಿ ಕಾಲಿಡಬೇಡಿ. ನಾನು ಫೋಟೋ ತೆಗೆಯಲು ಹೋಗಿ ಮೊಣಕಾಲವರೆಗೆ ಇಳಿದೆ. ಶೂ ಒಳಗೇ ಉಳಿಯಿತು, ಕೈ ಹಾಕಿ ಎಳೆಯಬೇಕಾಯಿತು. ಅಪ್ಪ ಗಟ್ಟಿ ನೆಲದ ಮೇಲೆ ನಿಂತು, "ಗದ್ದೆ ಮಾಡಿದವರ ಮಗ ಅಂತ ಯಾರಿಗೂ ಹೇಳಬೇಡ" ಅಂದರು.