ಓದುಗರ ಪ್ರಶ್ನೆ: ದ್ವೀಪರಾಷ್ಟ್ರಗಳು ಶೌಚನೀತಿಗಾಗಿ ಕೈಜೋಡಿಸುವುದೇಕೆ?

ಪ್ರಶ್ನೆ: ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರಗಳು ಶೌಚ ವ್ಯವಸ್ಥೆಯ ಸುಧಾರಣೆಗೆ ಒಟ್ಟಾಗಿ ನೀತಿ ರೂಪಿಸಿಕೊಂಡಿವೆ ಎಂದು ಓದಿದೆ. ನಡುವೆ ಸಾವಿರಾರು ಕಿಲೋಮೀಟರ್ ಕಡಲಿರುವಾಗ ಅವು ಕೊಳವೆಯನ್ನಾಗಲಿ ಶುದ್ಧೀಕರಣ ಘಟಕವನ್ನಾಗಲಿ ಹಂಚಿಕೊಳ್ಳಲಾರವು. ಹಾಗಾದರೆ ಈ ಸಹಕಾರದ ಅರ್ಥವೇನು? ನಮ್ಮ ಕರಾವಳಿಯಂತೆ ಮನೆಗೊಂದು ಇಂಗುಗುಂಡಿ ತೋಡಿಕೊಂಡರೆ ಅಲ್ಲಿ ಸಾಲದೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ತಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಇಂಗುಗುಂಡಿ ಕೆಲಸ ಮಾಡಬೇಕಾದರೆ ಅದರ ತಳಕ್ಕೂ ಅಂತರ್ಜಲಕ್ಕೂ ನಡುವೆ ಕೆಲವು ಅಡಿಯಾದರೂ ಒಣ ಮಣ್ಣಿರಬೇಕು ಮತ್ತು ಕುಡಿಯುವ ನೀರಿನ ಬಾವಿ ದೂರವಿರಬೇಕು. ಕಡಲ ಬದಿಯ ಮರಳು ನೆಲದಲ್ಲಿ ಆಷಾಢದ ಮಳೆಗೆ ಗುಂಡಿ ಉಕ್ಕುವುದನ್ನು ತಾವು ಕಂಡಿರಬಹುದು. ಹವಳದ ದ್ವೀಪಗಳಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಅದೇ ಪರಿಸ್ಥಿತಿ. ಕಿರಿಬಾಟಿಯ (ಅಲ್ಲಿಯವರ ಉಚ್ಚಾರದಲ್ಲಿ ಅದು ಕಿರಿಬಾಸ್) ರಾಜಧಾನಿ ದಕ್ಷಿಣ ತರಾವಾ ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಮಾತ್ರ ಎತ್ತರವಿರುವ, ಬಹುಕಡೆ ಕೆಲವೇ ನೂರು ಮೀಟರ್ ಅಗಲದ ಮರಳಿನ ಪಟ್ಟಿ. ದೇಶದ ಅರ್ಧದಷ್ಟು ಜನ ಅಲ್ಲಿಯೇ ನೆಲೆಸಿದ್ದಾರೆ. ಅಲ್ಲಿ ಇಂಗಿದ ಮಳೆನೀರು ಹಗುರವಾದ್ದರಿಂದ, ನೆಲದಡಿಯ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಒಂದಾಳು ಆಳ ತೋಡಿದರೆ ಆ ಸಿಹಿನೀರು ಸಿಗುತ್ತದೆ. ಶೌಚದ ಗುಂಡಿಯನ್ನೂ ಅಷ್ಟೇ ಆಳ ತೋಡಿದರೆ ಅದರ ತಳವೂ ಅದೇ ನೀರನ್ನು ಮುಟ್ಟುತ್ತದೆ, ಮತ್ತು ಒರಟಾದ ಹವಳದ ಮರಳು ಕೊಳೆಯನ್ನು ತಡೆಯದೆ ಪಕ್ಕದ ಮನೆಯ ಬಾವಿಗೆ ದಾಟಿಸುತ್ತದೆ.

1977ರಲ್ಲಿ ತರಾವಾದಲ್ಲಿ ಕಾಲರಾ ಹರಡಿತು. ಅದರ ಬಳಿಕ ಬೆಟಿಯೊ, ಬೈರಿಕಿ ಮತ್ತು ಬಿಕೆನಿಬೆಯು ಎಂಬ ಮೂರು ಜನವಸತಿಗಳಿಗೆ ಒಳಚರಂಡಿ ಬಂತು. ಸಿಹಿನೀರನ್ನು ಶೌಚಕ್ಕೆ ಸುರಿಯಲಾಗದ ಊರಾದ್ದರಿಂದ ಅಲ್ಲಿ ಫ್ಲಶ್ಶಿಗೆ ಸಮುದ್ರದ ನೀರನ್ನೇ ಬಳಸಿ, ಕೊಳಚೆಯನ್ನು ಕೊಳವೆಯ ಮೂಲಕ ಹೊರಗಡಲಿಗೆ ಬಿಡುವ ಏರ್ಪಾಟಾಯಿತು. ಉಪಾಯವೇನೋ ಜಾಣತನದ್ದೇ. ಆದರೆ ಉಪ್ಪುನೀರು ಪಂಪನ್ನೂ ಕವಾಟವನ್ನೂ ತಿಂದುಹಾಕುತ್ತದೆ, ಬಿಡಿಭಾಗಗಳು ದೂರದೇಶದಿಂದ ಹಡಗಿನಲ್ಲೇ ಬರಬೇಕು, ದುರಸ್ತಿಗೆಂದು ಪ್ರತಿವರ್ಷ ತೆಗೆದಿಡುವಷ್ಟು ಹಣ ಸಣ್ಣ ಖಜಾನೆಯಲ್ಲಿರುವುದಿಲ್ಲ. ಜಾಲ ಜೀರ್ಣವಾಗುತ್ತ ಬಂದು, 2011ರ ನಂತರ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಮತ್ತು ಆಸ್ಟ್ರೇಲಿಯಾದ ನೆರವಿನಿಂದ ಅದನ್ನು ಸರಿಪಡಿಸಬೇಕಾಯಿತು. ಜಾಲ ತಲುಪದ ಮನೆಗಳಿಗೆ ಗುಂಡಿಯೇ ಗತಿ. ಅದೂ ಇಲ್ಲದವರಿಗೆ ಕಡಲ ದಂಡೆ.

ಇನ್ನೊಂದು ದ್ವೀಪರಾಷ್ಟ್ರ ಟುವಾಲುವಿನಲ್ಲಿ ನದಿಯೂ ಇಲ್ಲ, ಹಳ್ಳವೂ ಇಲ್ಲ. ಸೂರಿನಿಂದ ಇಳಿದು ತೊಟ್ಟಿಯಲ್ಲಿ ನಿಂತ ಮಳೆನೀರೇ ಎಲ್ಲಕ್ಕೂ. 2011ರ ಬರದಲ್ಲಿ ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಿ ಮನೆಗಳಿಗೆ ನೀರನ್ನು ಅಳೆದು ಹಂಚಿದರು. ಅಂಥ ಕಡೆ ಪ್ರತಿ ಸಲವೂ ಲೀಟರುಗಟ್ಟಲೆ ನೀರು ಸುರಿಯುವ ಶೌಚಾಲಯ ದುಬಾರಿ ವಿಲಾಸ. ಆದ್ದರಿಂದ ರಾಜಧಾನಿ ಫುನಾಫುಟಿಯಲ್ಲಿ ನೀರು ಬೇಡದ ಗೊಬ್ಬರ ಶೌಚಾಲಯಗಳನ್ನು ಪ್ರಯೋಗಾರ್ಥ ಕಟ್ಟಿಸಲಾಯಿತು. ಇಂಥ ಶೌಚಾಲಯದ ಸಾಮಾನ್ಯ ರಚನೆ ಹೀಗಿರುತ್ತದೆ: ನೆಲಕ್ಕಿಂತ ಎತ್ತರದಲ್ಲಿ ಎರಡು ಕೋಣೆ, ಒಂದನ್ನು ಬಳಸುವಾಗ ಪ್ರತಿ ಸಲ ಒಂದು ಹಿಡಿ ತೆಂಗಿನ ನಾರಿನ ಪುಡಿ ಅಥವಾ ತರಗೆಲೆ ಹಾಕುವುದು, ಅದು ತುಂಬಿದಾಗ ಮುಚ್ಚಿ ಇನ್ನೊಂದನ್ನು ತೆರೆಯುವುದು, ತಿಂಗಳುಗಳ ನಂತರ ಮೊದಲ ಕೋಣೆಯ ಗೊಬ್ಬರವನ್ನು ಮರದ ಬುಡಕ್ಕೆ ಹಾಕುವುದು. ಕಟ್ಟಿಸುವುದು ಕಷ್ಟವಲ್ಲ, ಕೋಣೆ ಬಗೆಯಲು ಮನೆಯವರ ಹೇಸಿಗೆ ಬಿಡಿಸುವುದು ಕಷ್ಟ. ಇದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಿಲ್ಲ.

ಈಗ ಸಹಕಾರದ ಮಾತು. ಸುಮಾರು ಹನ್ನೊಂದು ಸಾವಿರ ಜನರ ಟುವಾಲು ತನ್ನದೇ ಒಳಚರಂಡಿ ತಜ್ಞರನ್ನೂ ಸುಸಜ್ಜಿತ ಪ್ರಯೋಗಾಲಯವನ್ನೂ ಕಾನೂನಿನ ಕರಡು ಬರೆಯುವವರನ್ನೂ ಸಾಕಲಾರದು. ಹಂಚಿಕೊಳ್ಳುವುದು ಇವುಗಳನ್ನು, ಕೊಳವೆಯನ್ನಲ್ಲ. 1947ರಲ್ಲಿ ಸ್ಥಾಪನೆಯಾದ, ನ್ಯೂ ಕ್ಯಾಲೆಡೋನಿಯಾದ ನೂಮಿಯಾದಲ್ಲಿ ಕೇಂದ್ರ ಕಚೇರಿಯಿರುವ ‘ಪೆಸಿಫಿಕ್ ಸಮುದಾಯ’ ಎಂಬ ಅಂತರಸರ್ಕಾರಿ ಸಂಸ್ಥೆ, ಸಮೋವಾದ ಆಪಿಯಾದಲ್ಲಿರುವ ಪ್ರಾದೇಶಿಕ ಪರಿಸರ ಸಂಸ್ಥೆ ಮತ್ತು ನೀರು ಸರಬರಾಜು ಮಂಡಳಿಗಳ ಒಕ್ಕೂಟ ಈ ಹೊಣೆಯನ್ನು ಹೊತ್ತಿವೆ. 2001ರಲ್ಲಿ ಮಾರ್ಷಲ್ ದ್ವೀಪಗಳ ಮಜುರೊದಲ್ಲಿ ಕೊಳಚೆನೀರಿನ ಬಗ್ಗೆ ನೀತಿ ಹೇಳಿಕೆ ಮತ್ತು ಕ್ರಿಯಾ ಚೌಕಟ್ಟು ಸಿದ್ಧವಾದವು. ಮರುವರ್ಷ ಫಿಜಿಯ ಸಿಗಟೋಕಾದಲ್ಲಿ ನೀರಿನ ನಿರ್ವಹಣೆಗೆ ಪ್ರಾದೇಶಿಕ ಕ್ರಿಯಾಯೋಜನೆ ರೂಪುಗೊಂಡಿತು. ಒಂದು ದ್ವೀಪದಲ್ಲಿ ಸೋತದ್ದು ಇನ್ನೊಂದಕ್ಕೆ ಮೊದಲೇ ತಿಳಿಯುವುದು ಇಂಥ ಕೂಟಗಳ ದೊಡ್ಡ ಲಾಭ ಎಂದು ನನಗನಿಸುತ್ತದೆ. ಇವುಗಳ ದೌರ್ಬಲ್ಯವೂ ಸ್ಪಷ್ಟ: ನೀತಿ ಹೇಳಿಕೆಗೆ ಸಹಿ ಹಾಕಿದ ದೇಶ ಅದನ್ನು ಪಾಲಿಸದಿದ್ದರೆ ಕೇಳುವವರಿಲ್ಲ.

ಕೆರಿಬಿಯನ್ ದೇಶಗಳು ಬೇರೆ ದಾರಿ ಹಿಡಿದವು. ಕೆರಿಬಿಯನ್ ಕಡಲಿನ ರಕ್ಷಣೆಗೆಂದು ಮಾಡಿಕೊಂಡ 1983ರ ಕಾರ್ಟಹೇನಾ ಒಪ್ಪಂದದಡಿ, ನೆಲದಿಂದ ಕಡಲಿಗೆ ಸೇರುವ ಮಾಲಿನ್ಯವನ್ನು ಕುರಿತ ನಿಯಮಾವಳಿಯನ್ನು ಅವು 1999ರಲ್ಲಿ ಅರೂಬಾದಲ್ಲಿ ಅಂಗೀಕರಿಸಿದವು. ಮನೆಗಳ ಕೊಳಚೆ ಕಡಲಿಗೆ ಸೇರುವ ಮೊದಲು ಎಷ್ಟು ಶುದ್ಧವಾಗಿರಬೇಕೆಂದು ಅದು ಅಂಕಿಗಳಲ್ಲಿಯೇ ಹೇಳುತ್ತದೆ ಮತ್ತು ಅನುಮೋದಿಸಿದ ದೇಶಗಳನ್ನು ಕಾನೂನಿನಿಂದ ಕಟ್ಟಿಹಾಕುತ್ತದೆ. ಅದಕ್ಕೇ ಜಾರಿಗೆ ಬರಲು 2010ರವರೆಗೆ ಹಿಡಿಯಿತು.

ಪ್ರಶ್ನೆ: ಶೌಚ ಸೌಲಭ್ಯದಲ್ಲಿ ಪೆಸಿಫಿಕ್ ದ್ವೀಪಗಳು ಜಗತ್ತಿನಲ್ಲಿಯೇ ತೀರ ಹಿಂದಿವೆ ಎಂಬುದು ನಿಜವೇ?
— ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸರಾಸರಿ ಹಾಗೆ ಹೇಳುತ್ತದೆ, ಆದರೆ ಈ ಸರಾಸರಿಯನ್ನು ಎಚ್ಚರದಿಂದ ಓದಬೇಕು. ಆ ದ್ವೀಪಗಳ ಜನಸಂಖ್ಯೆಯ ಬಹುಪಾಲು ಪಪುವಾ ನ್ಯೂಗಿನಿಯದು. ಅಲ್ಲಿ ಕನಿಷ್ಠ ಮಟ್ಟದ ಶೌಚಾಲಯವಿರುವುದು ಸುಮಾರು ಐವರಲ್ಲಿ ಒಬ್ಬರಿಗೆ. ನಿಯುವೆ, ಕುಕ್ ದ್ವೀಪಗಳಂಥ ಕಡೆ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಇದೆ.

ಪ್ರಶ್ನೆ: ಈ ವಿಷಯದಲ್ಲಿ ಭಾರತ ಏನಾದರೂ ಮಾಡಿದೆಯೇ?
— ನಿವೃತ್ತ ಎಂಜಿನಿಯರ್, ಮಂಗಳೂರು

ಉತ್ತರ: ನೆರೆಯ ಮಾಲ್ದೀವ್ಸ್‌ನಲ್ಲಿ ಮಾಡಿದೆ. ತಮ್ಮೂರಿನ ಹಳೆಬಂದರಿನಿಂದ ಸರಕು ಹೊತ್ತ ಮಂಜಿಗಳು ಹೋಗುತ್ತಿದ್ದ ಆ ದ್ವೀಪಗಳಲ್ಲಿಯೂ ಗುಂಡಿಗಳ ಕೊಳೆ ಸೇರಿ ಅಂತರ್ಜಲ ಕೆಟ್ಟಿತು; ರಾಜಧಾನಿ ಮಾಲೆಯ ಜನ ಕಡಲನೀರನ್ನು ಸಿಹಿಮಾಡುವ ಘಟಕವನ್ನೇ ನಂಬಬೇಕಾಯಿತು. 2014ರ ಡಿಸೆಂಬರಿನಲ್ಲಿ ಆ ಘಟಕಕ್ಕೆ ಬೆಂಕಿ ಬಿದ್ದಾಗ ಭಾರತ ವಿಮಾನ ಮತ್ತು ಹಡಗುಗಳಲ್ಲಿ ನೀರು ಕಳುಹಿಸಿತ್ತು. ಮುಂದೆ ಭಾರತದ ಎಕ್ಸಿಮ್ ಬ್ಯಾಂಕಿನ ಸಾಲದ ನೆರವಿನಿಂದ ಹೊರದ್ವೀಪಗಳಿಗೆ ನೀರು ಮತ್ತು ಒಳಚರಂಡಿ ಯೋಜನೆ ಕೈಗೊಳ್ಳಲಾಯಿತು. 28 ದ್ವೀಪಗಳ ಕಾಮಗಾರಿಯನ್ನು ವಿದೇಶಾಂಗ ಸಚಿವ ಜೈಶಂಕರ್ ಅವರ ಭೇಟಿಯಲ್ಲಿ 2024ರ ಆಗಸ್ಟಿನಲ್ಲಿ ಹಸ್ತಾಂತರಿಸಲಾಯಿತು. ಇದು ಎರಡು ದೇಶಗಳ ನಡುವಿನ ವ್ಯವಹಾರವೇ ಹೊರತು ಪೆಸಿಫಿಕ್ ಮಾದರಿಯ ಪ್ರಾದೇಶಿಕ ನೀತಿಯಲ್ಲ.