ಓದುಗರ ಪ್ರಶ್ನೆಗೆ ಉತ್ತರ: ಅಶ್ಲೀಲತೆಯೂ ಅಧ್ಯಯನದ ವಿಷಯವೇ?

ಪ್ರಶ್ನೆ: ನಾನು ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಅಂತರ್ಜಾಲದ ಅಶ್ಲೀಲ ವಿಡಿಯೊಗಳ ಸಾಂಸ್ಕೃತಿಕ ಮತ್ತು ರಾಜಕೀಯ ಹಿನ್ನೆಲೆಯನ್ನು ಕಿರುಪ್ರಬಂಧಕ್ಕೆ ಆರಿಸಿಕೊಂಡೆನೆಂದಾಗ ಹಿರಿಯ ಅಧ್ಯಾಪಕರೊಬ್ಬರು, ‘ಹೆಣ್ಣಮಗಳಾಗಿ ಇದೆಂಥಾ ವಿಷಯ ಹಿಡದೀಯವ್ವಾ’ ಎಂದರು. ಇಂಥದ್ದಕ್ಕೆ ಶಾಸ್ತ್ರೀಯ ಅಧ್ಯಯನವೆಂಬುದು ನಿಜಕ್ಕೂ ಇದೆಯೇ? ಇದ್ದರೆ ಅಲ್ಲಿ ಅಭ್ಯಾಸ ಮಾಡುವುದು ಏನನ್ನು?
(ಹೆಸರು ಬೇಡವೆಂದ ಓದುಗಿ, ವಿಜಯಪುರ)

ಉತ್ತರ: ಇದೆ, ಮತ್ತು ಅದು ಮೂರು ದಶಕಗಳಿಗೂ ಹಳೆಯದು. ಅಮೆರಿಕದ ಚಲನಚಿತ್ರ ವಿದ್ವಾಂಸೆ ಲಿಂಡಾ ವಿಲಿಯಮ್ಸ್ ಅವರು ಇಂಥ ಚಿತ್ರಗಳನ್ನು ಉಳಿದ ಸಿನಿಮಾ ಪ್ರಕಾರಗಳಂತೆಯೇ ವಿಶ್ಲೇಷಣೆಗೆ ಒಡ್ಡಿದ ಗ್ರಂಥವನ್ನು 1989ರಲ್ಲಿ ಪ್ರಕಟಿಸಿದರು. ಈ ವಿಷಯಕ್ಕೇ ಮೀಸಲಾದ ವಿದ್ವತ್ ಪತ್ರಿಕೆಯೊಂದು 2014ರಿಂದ ಬ್ರಿಟನ್ನಿನಲ್ಲಿ ಹೊರಬರುತ್ತಿದೆ.

ಈ ಶಾಸ್ತ್ರದ ಮೊದಲ ಪ್ರಶ್ನೆ ಚಿತ್ರದಲ್ಲಿ ಏನಿದೆ ಎಂಬುದಲ್ಲ. ಅದನ್ನು ಅಶ್ಲೀಲವೆಂದು ಕರೆದವರು ಯಾರು, ಯಾರ ಕಣ್ಣಿನಿಂದ ಅದನ್ನು ಮರೆಮಾಡಿದರು ಎಂಬುದು. ಇಟಲಿಯ ಪಾಂಪೇ ನಗರದ ಉತ್ಖನನದಲ್ಲಿ ಸಿಕ್ಕ ಕಾಮಚಿತ್ರಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನೇಪಲ್ಸ್ ವಸ್ತುಸಂಗ್ರಹಾಲಯದ ‘ರಹಸ್ಯ ಕೋಣೆ’ಯಲ್ಲಿ ಬೀಗ ಹಾಕಿಟ್ಟರು. ಸಭ್ಯರೆನಿಸಿಕೊಂಡ ಪ್ರೌಢ ಗಂಡಸರಿಗೆ ಪ್ರವೇಶವಿತ್ತು, ಹೆಂಗಸರಿಗೂ ಮಕ್ಕಳಿಗೂ ಇರಲಿಲ್ಲ. ಆ ಕೋಣೆ ಸಾರ್ವಜನಿಕರಿಗೆ ಸಂಪೂರ್ಣ ತೆರೆದದ್ದು 2000ದಲ್ಲಿ. ನಿಮ್ಮ ಅಧ್ಯಾಪಕರ ಮಾತು ಆ ಬಾಗಿಲಿನಲ್ಲಿ ನಿಂತವರ ಮಾತೇ ಆಗಿದೆ. ಬೇಸರಪಡದೆ ಅದನ್ನು ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಿ, ಅದೂ ಒಂದು ಆಕರ.

ನಮ್ಮ ‘ಅಶ್ಲೀಲ’ ಎಂಬ ಪದದ ಕಥೆಯೂ ಸ್ವಾರಸ್ಯದ್ದು. ಅಲಂಕಾರಶಾಸ್ತ್ರದಲ್ಲಿ ಅದು ಒಂದು ಕಾವ್ಯದೋಷದ ಹೆಸರು: ನಾಚಿಕೆ, ಜುಗುಪ್ಸೆ ಅಥವಾ ಅಮಂಗಳವನ್ನು ನೆನಪಿಗೆ ತರುವ ಪದವನ್ನು ಕವಿ ಬಳಸಬಾರದೆಂಬ ಎಚ್ಚರಿಕೆ ಅಷ್ಟೇ. ಸಾವನ್ನು ಸೂಚಿಸುವ ಮಾತೂ ಅಲ್ಲಿ ಅಶ್ಲೀಲವೇ. ಕಂಪನಿ ಸರ್ಕಾರ 1856ರಲ್ಲಿ ಅಶ್ಲೀಲ ಪುಸ್ತಕ ಮತ್ತು ಚಿತ್ರಗಳ ವಿರುದ್ಧ ಕಾಯಿದೆ ತಂದ ಮೇಲೆ, ಕವಿಯ ಅಭಿರುಚಿಯ ವಿಚಾರವಾಗಿದ್ದದ್ದು ಪೊಲೀಸರ ವಿಚಾರವಾಯಿತು. ದುರ್ಬಲ ಮನಸ್ಸುಗಳನ್ನು ಕೆಡಿಸುವಂಥದ್ದೇ ಅಶ್ಲೀಲವೆಂದು ಇಂಗ್ಲೆಂಡಿನ ನ್ಯಾಯಾಲಯ 1868ರಲ್ಲಿ ಹಾಕಿಕೊಟ್ಟ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟ್ 1964ರಲ್ಲಿಯೂ ಒಪ್ಪಿಕೊಂಡಿತ್ತು, 2014ರಲ್ಲಿ ಅದನ್ನು ಕೈಬಿಟ್ಟು ಸಮಕಾಲೀನ ಸಮುದಾಯದ ಮಾನದಂಡವನ್ನು ಮುಂದಿಟ್ಟಿತು. ಆದರೆ ಸಮುದಾಯವೆಂದರೆ ಯಾರು, ಅದರಲ್ಲಿ ಹೆಂಗಸರ ಮಾತು ಎಷ್ಟು ನಡೆಯುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಸ್ತ್ರೀವಾದಿಗಳಲ್ಲೇ ಇಲ್ಲಿ ಎರಡು ಪಂಗಡಗಳಿವೆ. ಇದು ನೀತಿಯ ಪ್ರಶ್ನೆಯಲ್ಲ, ಹೆಣ್ಣಿನ ನಾಗರಿಕ ಹಕ್ಕಿಗೆ ಆಗುವ ಗಾಯ ಎಂದು ವಾದಿಸಿದ ಆಂಡ್ರಿಯಾ ಡ್ವರ್ಕಿನ್ ಮತ್ತು ಕ್ಯಾಥರೀನ್ ಮೆಕಿನನ್ 1983ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಕಾನೂನಿನ ಕರಡು ಬರೆದುಕೊಟ್ಟರು. ಅದರ ಮಾದರಿಯಲ್ಲಿ ಇಂಡಿಯಾನಾಪೊಲಿಸ್ ನಗರ ತಂದ ಕಾನೂನನ್ನು ನ್ಯಾಯಾಲಯ ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ ರದ್ದುಮಾಡಿತು. ಇಂಥ ಕಾನೂನು ಕೊನೆಗೆ ಹೆಣ್ಣಿನ ಬರವಣಿಗೆಯ ಮೇಲೆಯೇ ತಿರುಗಿಬೀಳುತ್ತದೆ ಎಂದು ಇನ್ನೊಂದು ಪಂಗಡ ಹೆದರಿತ್ತು. ಗಾಯದ ಭಾಷೆ ನಾಚಿಕೆಯ ಭಾಷೆಗಿಂತ ಪ್ರಾಮಾಣಿಕವೆಂದು ನನಗೆ ತೋರುತ್ತದೆ, ಆದರೆ ಆ ಹೆದರಿಕೆಯೂ ಸುಳ್ಳಲ್ಲ.

ಕಿರುಪ್ರಬಂಧಕ್ಕೆ ವಿಡಿಯೊ ನೋಡಲೇಬೇಕೆಂದೇನೂ ಇಲ್ಲ. 2012ರ ಫೆಬ್ರುವರಿಯಲ್ಲಿ ನಮ್ಮ ವಿಧಾನಸಭೆಯ ಕಲಾಪದ ನಡುವೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಟಿ.ವಿ. ವಾಹಿನಿಗಳು ಅದನ್ನು ಖಂಡಿಸುತ್ತಲೇ ಮತ್ತೆ ಮತ್ತೆ ತೋರಿಸಿದವು. ಆ ವಾರದ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ತೆಗೆಸಿ, ಸದನದ ಮರ್ಯಾದೆಯ ಬಗ್ಗೆ ಎಷ್ಟು ಬರೆದಿದ್ದಾರೆ, ಆ ದೃಶ್ಯದಲ್ಲಿದ್ದ ಹೆಣ್ಣಿನ ಬಗ್ಗೆ ಎಷ್ಟು ಎಂದು ಎಣಿಸಿ ನೋಡಿ. ಒಂದು ಪ್ರಬಂಧಕ್ಕೆ ಅದು ಧಾರಾಳ. ಮಕ್ಕಳನ್ನು ಒಳಗೊಂಡ ಲೈಂಗಿಕ ದೃಶ್ಯಗಳನ್ನಂತೂ ಸಂಶೋಧನೆಯ ನೆಪದಲ್ಲಿಯೂ ಹುಡುಕಬೇಡಿ, ಇಟ್ಟುಕೊಳ್ಳಬೇಡಿ, ಅದು ಶಿಕ್ಷಾರ್ಹ ಅಪರಾಧ.

ಪ್ರಶ್ನೆ: ಬಾದಾಮಿ, ಐಹೊಳೆಯ ಮಿಥುನಶಿಲ್ಪಗಳನ್ನು ಕಲೆ ಎನ್ನುತ್ತೇವೆ, ಮೊಬೈಲಿನಲ್ಲಿ ಬಂದರೆ ಅಶ್ಲೀಲ ಎನ್ನುತ್ತೇವೆ. ಇದು ಇಬ್ಬಗೆಯ ನೀತಿಯಲ್ಲವೇ?
(ನಿವೃತ್ತ ಶಿಕ್ಷಕರು, ಬಾಗಲಕೋಟೆ)

ಉತ್ತರ: ಕಾನೂನು ಈ ತೊಡಕನ್ನು ವಿನಾಯಿತಿ ಕೊಟ್ಟು ದಾಟಿಕೊಂಡಿದೆ. ಭಾರತೀಯ ದಂಡ ಸಂಹಿತೆಯ 292ನೆಯ ಕಲಮು ಪ್ರಾಚೀನ ಸ್ಮಾರಕ, ದೇವಸ್ಥಾನ ಮತ್ತು ದೇವರ ತೇರಿನ ಮೇಲಿನ ಕೆತ್ತನೆಗಳನ್ನು ಹೊರಗಿಟ್ಟಿತ್ತು. ಅಧ್ಯಯನಕ್ಕೆ ಅಷ್ಟು ಸಾಲದು. ನಾಗನಾಥಕೊಳ್ಳದಲ್ಲಿ ದೊರೆತು ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯನ್ನೇ ನೋಡಿ: ತಲೆಯ ಜಾಗದಲ್ಲಿ ಕಮಲ, ದೇಹ ಸಂಪೂರ್ಣ ತೆರೆದದ್ದು. ಆದರೂ ಅದು ಸಂತಾನ, ಸಮೃದ್ಧಿಯ ದೇವತೆಯಾಗಿ ಪೂಜೆಗೊಂಡ ಮೂರ್ತಿ. ವ್ಯತ್ಯಾಸವಿರುವುದು ದೇಹ ಎಷ್ಟು ಕಾಣುತ್ತದೆ ಎಂಬುದರಲ್ಲಲ್ಲ. ಶಿಲ್ಪ ಗಂಡು, ಹೆಣ್ಣು, ಮಕ್ಕಳೆನ್ನದೆ ಎಲ್ಲರೆದುರು ನಿಂತಿರುತ್ತದೆ. ವಿಡಿಯೊ ಒಬ್ಬಂಟಿಯ ಅಂಗೈಗೆ ಬರುತ್ತದೆ, ಮುಂದೆ ಯಾವುದು ಬರಬೇಕೆಂಬುದನ್ನು ಕಂಪನಿಯ ಲೆಕ್ಕಾಚಾರ ನಿರ್ಧರಿಸುತ್ತದೆ. ಹಾಗೆಂದು ನಮ್ಮ ಪೂರ್ವಿಕರು ಬಹು ಮುಕ್ತರಾಗಿದ್ದರೆಂದು ಬೀಗುವುದೂ ಅವಸರದ ಮಾತು. ಚಾಲುಕ್ಯರ ಕಾಲದ ಹೆಣ್ಣಿನ ಬಾಳನ್ನು ಅಲ್ಲಿನ ಕಂಬಗಳಿಂದ ಓದಲಾಗದು.

ಪ್ರಶ್ನೆ: ಎಲ್ಲ ತಾಣಗಳನ್ನೂ ಮುಚ್ಚಿಸಿಬಿಟ್ಟರೆ ಈ ಅಧ್ಯಯನದ ಉಸಾಬರಿಯೇ ಇರುವುದಿಲ್ಲವಲ್ಲ?
(ಇಬ್ಬರು ಮಕ್ಕಳ ತಂದೆ, ಬೆಳಗಾವಿ)

ಉತ್ತರ: ಮುಚ್ಚಿಸಿ ನೋಡಿಯಾಗಿದೆ. 2015ರ ಜುಲೈ ಕೊನೆಯಲ್ಲಿ ಕೇಂದ್ರ ಸರ್ಕಾರ 857 ತಾಣಗಳನ್ನು ತಡೆಯಲು ಆದೇಶಿಸಿ, ಗದ್ದಲವೆದ್ದ ಮೇಲೆ ಕೆಲವೇ ದಿನಗಳಲ್ಲಿ ಸಡಿಲಿಸಿತು. ಉತ್ತರಾಖಂಡ ಹೈಕೋರ್ಟಿನ ಆದೇಶದ ಬಳಿಕ 2018ರಲ್ಲಿ ಮತ್ತೆ 827 ತಾಣಗಳನ್ನು ತಡೆಯಲಾಯಿತು. ಒಂದು ವಿಳಾಸ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಆದರೆ 2020ರ ಡಿಸೆಂಬರಿನಲ್ಲಿ, ಒಪ್ಪಿಗೆಯಿಲ್ಲದ ದೃಶ್ಯಗಳಿವೆ ಎಂಬ ವರದಿ ಬಂದು ವೀಸಾ ಮತ್ತು ಮಾಸ್ಟರ್‌ಕಾರ್ಡ್ ಹಣ ಪಾವತಿಯನ್ನು ನಿಲ್ಲಿಸಿದಾಗ, ಜಗತ್ತಿನ ಅತಿ ದೊಡ್ಡ ತಾಣಗಳಲ್ಲೊಂದು ಗುರುತು ದೃಢಪಡದವರು ಹಾಕಿದ ಲಕ್ಷಗಟ್ಟಲೆ ವಿಡಿಯೊಗಳನ್ನು ತಾನಾಗಿಯೇ ಕಿತ್ತುಹಾಕಿತು. ಸರ್ಕಾರಗಳಿಗೆ ಆಗದ್ದನ್ನು ಎರಡು ಕಾರ್ಡ್ ಕಂಪನಿಗಳು ದಿನಗಳಲ್ಲಿ ಮಾಡಿಸಿದವು. ಇದು ಸಮಾಧಾನದ ಸಂಗತಿಯೋ ಆತಂಕದ್ದೋ ನಾನು ಇನ್ನೂ ತೀರ್ಮಾನಿಸಿಲ್ಲ, ಏಕೆಂದರೆ ಆ ಕಂಪನಿಗಳನ್ನು ನಾವು ಯಾರೂ ಆರಿಸಿ ಕಳಿಸಿದ್ದಲ್ಲ.

ನಿಮ್ಮ ಮನೆಯ ಮಟ್ಟಿಗೆ ಇನ್ನೊಂದು ಮಾತು. ಯಾರದೇ ಖಾಸಗಿ ಚಿತ್ರವನ್ನು, ಕೃತಕವಾಗಿ ತಿದ್ದಿ ಮಾಡಿದ್ದಾದರೂ ಸರಿ, ಒಪ್ಪಿಗೆಯಿಲ್ಲದೆ ಹರಿಬಿಟ್ಟಿದ್ದರೆ, ಸಂಬಂಧಪಟ್ಟವರ ದೂರು ಬಂದ 24 ಗಂಟೆಯೊಳಗೆ ಜಾಲತಾಣ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳಿದ್ದವು, 2026ರ ತಿದ್ದುಪಡಿ ಆ ಗಡುವನ್ನು ಎರಡು ಗಂಟೆಗೆ ಇಳಿಸಿದೆ. ತಾಣಗಳನ್ನು ಮುಚ್ಚಿಸುವ ಮಾತಿಗಿಂತ ಮೊದಲು ಮಗಳಿಗೂ ಮಗನಿಗೂ ಇದನ್ನು ತಿಳಿಸಿ.