ಜನವರಿಯ ಕಾಶಿಯಾತ್ರೆಗೆ ಎಂಥ ಸ್ವೆಟರ್ ಬೇಕು?

ದಾವಣಗೆರೆಯಿಂದ ಸಂಕ್ರಾಂತಿಯ ಹೊತ್ತಿಗೆ ಎಪ್ಪತ್ತು ದಾಟಿದ ತಂದೆ-ತಾಯಿಯನ್ನು ಕಾಶಿಗೆ ಕರೆದೊಯ್ಯಲಿದ್ದೀರಿ, ಎಂಥ ಸ್ವೆಟರ್ ಸಾಕಾದೀತು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನು 2019ರಲ್ಲಿ ಚಿತ್ರದುರ್ಗದ ಬಟ್ಟೆ ಅಂಗಡಿಯೊಂದರಲ್ಲಿ ನಿಂತು ಕೇಳಿದ್ದೆ. ಆ ಡಿಸೆಂಬರಿನ ಕೊನೆಯ ವಾರ ನಮ್ಮ ತಂದೆಯವರನ್ನು ಕರೆದುಕೊಂಡು ಹೋಗಿ, ಜಂಗಮವಾಡಿ ಮಠದ ಹತ್ತಿರ ಕೋಣೆ ಹಿಡಿದಿದ್ದೆ.

ನಾನು ಮಾಡಿದ ತಪ್ಪು ಒಂದೇ: ಫೋನಿನಲ್ಲಿ ಕಾಶಿಯ ಕನಿಷ್ಠ ತಾಪಮಾನವನ್ನು ಮಾತ್ರ ನೋಡಿದೆ. ಅಲ್ಲಿ 8 ಡಿಗ್ರಿ, ನಮ್ಮಲ್ಲಿ ಬೆಳಗಿನ ಜಾವ 15. ಏಳು ಡಿಗ್ರಿ ತಾನೇ, ಇನ್ನೊಂದು ಸ್ವೆಟರ್, ಒಂದು ಮಫ್ಲರ್ ಹೆಚ್ಚಿಗೆ ಇಟ್ಟುಕೊಂಡರಾಯಿತು ಎಂದು ಲೆಕ್ಕ ಹಾಕಿದೆ. ನೋಡಬೇಕಾಗಿದ್ದದ್ದು ಗರಿಷ್ಠ ತಾಪಮಾನವನ್ನು. ದುರ್ಗದಲ್ಲಿ ಬೆಳಗ್ಗೆ ಎಷ್ಟೇ ಕೊರೆದರೂ ಮಧ್ಯಾಹ್ನಕ್ಕೆ 28 ಡಿಗ್ರಿಯ ಆಸುಪಾಸು ಬರುತ್ತದೆ; ಬಂಡೆ ಕಾಯುತ್ತದೆ, ಗೋಡೆ ಕಾಯುತ್ತದೆ, ಮೈ ಕಾಯುತ್ತದೆ, ಹಗಲು ಹಾಗೆ ಕೂಡಿಟ್ಟ ಶಾಖದಲ್ಲೇ ನಾವು ರಾತ್ರಿಯ ಚಳಿಯನ್ನು ಕಳೆಯುತ್ತೇವೆ. ಕಾಶಿಯಲ್ಲಿ ನಾವಿದ್ದ ನಾಲ್ಕು ದಿನವೂ ಸೂರ್ಯ ಕಾಣಲಿಲ್ಲ, ನಡುಹಗಲಿನಲ್ಲೂ 13-14 ಡಿಗ್ರಿ. ನೀರುಂಡ ಗೋಧಿ ಹೊಲಗಳು, ನದಿ, ಗಾಳಿಯಾಡದ ದೀರ್ಘ ರಾತ್ರಿ ಇವೆಲ್ಲ ಸೇರಿ ಗಂಗೆಯ ಬಯಲಿನಲ್ಲಿ ದಟ್ಟ ಮಂಜು ಕವಿಯುತ್ತದೆ. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತರೆ ಅದು ಹಗಲಿಗೂ ಕರಗುವುದಿಲ್ಲ. ಕನಿಷ್ಠ 10 ಡಿಗ್ರಿಯೊಳಗಿದ್ದು ಗರಿಷ್ಠವೂ ವಾಡಿಕೆಗಿಂತ 4.5 ಡಿಗ್ರಿಯಷ್ಟು ಇಳಿದರೆ ಹವಾಮಾನ ಇಲಾಖೆ ಅದಕ್ಕೆ ‘ಶೀತ ದಿನ’ ಎನ್ನುತ್ತದೆ. ಮುನ್ಸೂಚನೆಯಲ್ಲಿ ಈ ಮಾತನ್ನು ಹುಡುಕಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲ ದಿನ ಗಂಗೆಯಲ್ಲಿ ಮಿಂದು ಹಿಂಡಿ ಹಾಕಿದ ಪಂಚೆ ಹೊರಡುವ ದಿನವೂ ಹಸಿಯಾಗಿತ್ತು. ಮೂರನೆಯ ರಾತ್ರಿ ತಂದೆಯವರಿಗೆ ಎದೆ ಕಟ್ಟಿ ಉಬ್ಬಸ ಶುರುವಾಯಿತು. ಅಲ್ಲಿಯ ವೈದ್ಯರು ಮೊದಲು ಕೇಳಿದ್ದು, ಇವರು ಬಿಸಿಲಿಗೆ ಕೂತು ಎಷ್ಟು ದಿನವಾಯಿತು ಎಂದು. ಮರಳುವ ರೈಲು ಮಂಜಿನಿಂದ ಒಂಬತ್ತು ಗಂಟೆ ತಡವಾಯಿತು. ಊರಿಗೆ ಬಂದ ಮೇಲೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು.

ಆದ್ದರಿಂದ ಸ್ವೆಟರಿನ ಯೋಚನೆ ಬಿಡಿ, ತಿಂಗಳನ್ನು ಬದಲಿಸಿ. ಸಂಕ್ರಾಂತಿಯ ಪುಣ್ಯಸ್ನಾನವೇ ಆಗಬೇಕೆಂದರೆ ಅಂದು ಹರಿಹರದಲ್ಲಿ ತುಂಗಭದ್ರೆಗೆ ಇಳಿಯಲಿ. ಕಾಶಿಗೆ ಶಿವರಾತ್ರಿಯ ಜನಜಂಗುಳಿ ತಪ್ಪಿಸಿ ಫೆಬ್ರವರಿ ಕೊನೆಯಲ್ಲಿ ಹೋಗಿ. ನವೆಂಬರ್ ಕೂಡ ಒಳ್ಳೆಯದೇ. ಮೇ-ಜೂನಿನಲ್ಲಿ ಬಿಸಿಗಾಳಿ, ಮಳೆಗಾಲದಲ್ಲಿ ಘಾಟಿನ ಮೆಟ್ಟಿಲುಗಳೇ ಮುಳುಗುತ್ತವೆ. ಟಿಕೆಟ್ ರದ್ದು ಮಾಡಿದರೆ ಸ್ವಲ್ಪ ಹಣ ಹೋಗುತ್ತದೆ, ಹೋಗಲಿ. ಈಗಲೇ ಹೋಗಲೇಬೇಕೆಂದರೆ ನಸುಕಿನ ಸ್ನಾನ ಬೇಡ, ತಲೆಗೆ ಗಂಗೆಯನ್ನು ಪ್ರೋಕ್ಷಿಸಿಕೊಳ್ಳಲಿ; ಎರಡು ರೈಲುಗಳ ನಡುವೆ ಒಂದು ಪೂರ್ತಿ ದಿನ ಬಿಡಿ.

2023ರ ಫೆಬ್ರವರಿ ಕೊನೆಯಲ್ಲಿ ತಂದೆಯವರನ್ನು ಮತ್ತೆ ಕರೆದೊಯ್ದೆ. ಮಿಂದು ಬಂದು ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ಬೆಳಗಿನ ಬಿಸಿಲಿಗೆ ಎರಡು ಗಂಟೆ ಕೂತಿದ್ದರು. ಪಂಚೆ ಪಕ್ಕದಲ್ಲೇ ಒಣಗಿತು.